ಭಾರ ಭಾಗಿಸು ವಿಸ್ತೀರ್ಣ: ಕೆಸರಿನಲ್ಲಿ ಹೂತ ಒಂದು ಸೂತ್ರ

ಪ್ರೌಢಶಾಲೆಯ ವಿಜ್ಞಾನ ಪ್ರಶ್ನೆಪತ್ರಿಕೆಗಳಲ್ಲಿ ಮರಳಿ ಮರಳಿ ಕಾಣಿಸಿಕೊಳ್ಳುವ ಒಂದು ಪ್ರಶ್ನೆ ನಿಮಗೆ ನೆನಪಿರಬಹುದು: ಸೇನೆಯ ಟ್ಯಾಂಕಿಗೆ ಚಕ್ರಗಳ ಬದಲು ಅಗಲವಾದ ಸರಪಳಿ ಪಟ್ಟಿ ಏಕೆ? ಟ್ರ್ಯಾಕ್ಟರಿನ ಹಿಂದಿನ ಟೈರು ಏಕೆ ಅಷ್ಟು ಅಗಲ? ಉತ್ತರವೂ ಸಿದ್ಧವಾಗಿಯೇ ಇದೆ. ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದಾಗ ದೊರೆಯುವ ಮೊತ್ತ. ವಿಸ್ತೀರ್ಣ ಹೆಚ್ಚಿದರೆ ಒತ್ತಡ ಕಡಿಮೆ. ಒತ್ತಡ ಕಡಿಮೆಯಾದರೆ ವಾಹನ ಹೂಳುವುದಿಲ್ಲ. ಎರಡು ಅಂಕ. ಇದೇ ಉತ್ತರ ಮುಂದೆ ಪಾಲಿಟೆಕ್ನಿಕ್ಕಿಗೆ, ರಸಪ್ರಶ್ನೆಗಳಿಗೆ, ಜನಪ್ರಿಯ ವಿಜ್ಞಾನದ ಪುಸ್ತಕಗಳಿಗೆ ಹಾಗೆಯೇ ನಡೆದುಹೋಗುತ್ತದೆ. ಕೊನೆಗೆ ಕೃಷಿಯಂತ್ರಗಳ ಮಾರಾಟದ ಕರಪತ್ರದಲ್ಲೂ 'ನೆಲದ ಮೇಲೆ ಕನಿಷ್ಠ ಒತ್ತಡ' ಎಂಬ ಸಾಲಾಗಿ ಕುಳಿತುಕೊಳ್ಳುತ್ತದೆ.

ಉತ್ತರ ಸುಳ್ಳಲ್ಲ. ಆದರೆ ಅದು ವಿವರಣೆಯ ಮೊದಲ ಸಾಲು ಮಾತ್ರ. ನಾವು ಅದನ್ನೇ ಇಡೀ ವಿವರಣೆಯೆಂದು ಕಲಿಸುತ್ತಿದ್ದೇವೆ ಎಂಬುದು ನನ್ನ ತಕರಾರು. ಕೆಸರಿನಲ್ಲಿ ವಾಹನ ಸಿಕ್ಕಿಕೊಳ್ಳುವುದು, ಪಾರಾಗುವುದು, ಪಾರಾದ ಮೇಲೆ ನೆಲವನ್ನು ಯಾವ ಸ್ಥಿತಿಯಲ್ಲಿ ಬಿಟ್ಟುಹೋಗುವುದು, ಈ ಮೂರೂ ಬೇರೆ ಬೇರೆ ಪ್ರಶ್ನೆಗಳು. ಭಾರ ಭಾಗಿಸು ವಿಸ್ತೀರ್ಣ ಎಂಬ ಒಂದೇ ಸಂಖ್ಯೆ ಇವುಗಳಲ್ಲಿ ಮೊದಲನೆಯದಕ್ಕೆ ಅರ್ಧ ಉತ್ತರ ಕೊಡುತ್ತದೆ. ಮೂರನೆಯದಕ್ಕೆ ಅದು ಕೊಡುವ ಉತ್ತರ ಹಲವು ಸಲ ದಾರಿ ತಪ್ಪಿಸುವಂಥದು. ಆ ಮೂರನೆಯ ಪ್ರಶ್ನೆ ನಮ್ಮ ಭತ್ತದ ಗದ್ದೆಗಳಿಗೆ ಸಂಬಂಧಿಸಿದ್ದರಿಂದ ವಿಷಯವನ್ನು ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು.

ಒಂದು ಐತಿಹಾಸಿಕ ಉದಾಹರಣೆಯಿಂದ ಆರಂಭಿಸೋಣ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರ ಮಾರ್ಕ್ 4 ಟ್ಯಾಂಕು ಸುಮಾರು 28 ಟನ್ ತೂಗುತ್ತಿತ್ತು. 1917ರ ಜುಲೈ 31ರಂದು ಬೆಲ್ಜಿಯಂನ ಈಪ್ರ್ ಪಟ್ಟಣದ ಬಳಿ ಮೂರನೆಯ ಈಪ್ರ್ ಕದನ ಆರಂಭವಾಯಿತು. ಅಲ್ಲಿನ ನೆಲ ಜೇಡಿ. ನೀರು ಬಸಿದುಹೋಗಲು ಇದ್ದ ಕಾಲುವೆಗಳನ್ನು ಫಿರಂಗಿ ಗುಂಡುಗಳು ಆಗಲೇ ಛಿದ್ರಮಾಡಿದ್ದವು. ಮೇಲೆ ಆಗಸ್ಟಿನ ಜಡಿಮಳೆ. ಟ್ಯಾಂಕುಗಳು ಸಾಲುಸಾಲಾಗಿ ಹೂತುಹೋದವು. ಅದೇ ವರ್ಷದ ನವೆಂಬರ್ 20ರಂದು ಫ್ರಾನ್ಸಿನ ಕಾಂಬ್ರೆಯಲ್ಲಿ ಅದೇ ಮಾದರಿಯ ಯಂತ್ರಗಳು, ಒಟ್ಟು 476 ಟ್ಯಾಂಕುಗಳ ದಂಡಿನ ಮುಖ್ಯ ಭಾಗವಾಗಿ, ಸುಣ್ಣಕಲ್ಲಿನ ಗಟ್ಟಿ ನೆಲದ ಮೇಲೆ ಮೊದಲ ದಿನವೇ ಮೈಲುಗಟ್ಟಲೆ ಮುನ್ನುಗ್ಗಿದವು. ಭಾರ ಅದೇ, ಪಟ್ಟಿಯ ವಿಸ್ತೀರ್ಣ ಅದೇ, ಭಾಗಲಬ್ಧವೂ ಅದೇ. ಬದಲಾದದ್ದು ನೆಲ. ನಮ್ಮ ಎರಡು ಅಂಕದ ಉತ್ತರದಲ್ಲಿ ಇಲ್ಲದಿರುವುದೂ ಅದೇ ನೆಲ. ಕರ್ಣನ ರಥದ ಚಕ್ರ ಹೂತದ್ದಕ್ಕೆ ಶಾಪದ ಕಾರಣವಿತ್ತು. ಭೌತವಿಜ್ಞಾನದ ಅಧ್ಯಾಪಕರಿಗೆ ಆ ಅನುಕೂಲವಿಲ್ಲ. ನಾವು ಮಣ್ಣನ್ನೇ ಕೇಳಬೇಕು.

ಮಣ್ಣಿಗೆ ಎರಡು ಬಗೆಯ ಬಲ

ಮಣ್ಣು ಜಾರದಂತೆ ತಡೆಹಿಡಿಯುವ ಗುಣಕ್ಕೆ ಇಂಜಿನಿಯರುಗಳು ಷಿಯರ್ ಸಾಮರ್ಥ್ಯ ಎನ್ನುತ್ತಾರೆ. 18ನೆಯ ಶತಮಾನದಲ್ಲಿ ಫ್ರಾನ್ಸಿನ ಕುಲಾಮ್ ಇದನ್ನು ಎರಡು ಭಾಗಗಳ ಮೊತ್ತವಾಗಿ ಬರೆದ. ವಿದ್ಯುದಾವೇಶದ ನಿಯಮಕ್ಕೆ ಹೆಸರಾದ ಕುಲಾಮ್‌ನೇ ಈತ. ಕೋಟೆ ಕೊತ್ತಲಗಳನ್ನು ಕಟ್ಟುವ ಸೇನಾ ಇಂಜಿನಿಯರಾಗಿದ್ದವನು. ಒಂದು ಭಾಗ ಕಣಗಳು ಪರಸ್ಪರ ಹಿಡಿದುಕೊಂಡಿರುವ ಸಂಸಕ್ತಿ. ಇನ್ನೊಂದು, ಮೇಲಿನಿಂದ ಒತ್ತಿದಷ್ಟೂ ಹೆಚ್ಚುವ ಘರ್ಷಣೆ. ವಾಹನಕ್ಕೆ ಅನ್ವಯಿಸಿದರೆ, ನೆಲದಿಂದ ದೊರೆಯಬಹುದಾದ ಗರಿಷ್ಠ ಎಳೆತವೂ ಎರಡು ಪದಗಳ ಮೊತ್ತವಾಗುತ್ತದೆ: ಸಂಸಕ್ತಿಯನ್ನು ಸ್ಪರ್ಶಕ್ಷೇತ್ರದಿಂದ ಗುಣಿಸಿದ್ದು ಒಂದು, ವಾಹನದ ಭಾರವನ್ನು ಘರ್ಷಣಾಂಕದಿಂದ ಗುಣಿಸಿದ್ದು ಇನ್ನೊಂದು.

ಈ ಪುಟ್ಟ ಸಮೀಕರಣವನ್ನು ಗಮನವಿಟ್ಟು ನೋಡಿ. ಒಣ ಮರಳಿನಲ್ಲಿ ಸಂಸಕ್ತಿ ಸೊನ್ನೆಯ ಸಮೀಪ. ಅಲ್ಲಿ ಎಳೆತ ಕೊಡುವುದು ಭಾರ. ಸ್ಪರ್ಶಕ್ಷೇತ್ರ ಈ ಲೆಕ್ಕಕ್ಕೇ ಬರುವುದಿಲ್ಲ. ನೀರು ತುಂಬಿದ ಜೇಡಿಯಲ್ಲಿ ಸ್ಥಿತಿ ತಿರುವುಮುರುವು. ಅಲ್ಲಿ ಘರ್ಷಣೆಯ ಪದವೇ ಬಹುಮಟ್ಟಿಗೆ ಮಾಯ. ಉಳಿಯುವುದು ಸಂಸಕ್ತಿ, ಅದು ವಿಸ್ತೀರ್ಣದ ಜೊತೆಗೆ ಹೋಗುತ್ತದೆ. ಲಾರಿ ಹೂತಾಗ ಹಿಂಬದಿಗೆ ನಾಲ್ಕು ಜನ ಹತ್ತಿ ನಿಲ್ಲುವ, ಕಲ್ಲು ಹೇರುವ ರೂಢಿಯನ್ನು ನೀವು ನೋಡಿರುತ್ತೀರಿ. ಮರಳು ಬೆರೆತ ನೆಲದಲ್ಲಿ ಅದು ಕೆಲಸ ಮಾಡುತ್ತದೆ. ಗದಗ, ವಿಜಯಪುರದ ಎರೆಮಣ್ಣು ಮಳೆಯಲ್ಲಿ ನೆಂದಾಗ ಅದೇ ಉಪಾಯ ಮಾಡಿದರೆ ಎಳೆತ ಹೆಚ್ಚುವುದಿಲ್ಲ, ಹೂಳುವ ಆಳ ಮಾತ್ರ ಹೆಚ್ಚುತ್ತದೆ. ಎರಡೂ ಕಡೆ 'ಒತ್ತಡ' ಒಂದೇ ದಿಕ್ಕಿನಲ್ಲಿ ಬದಲಾಗಿದೆ. ಫಲ ಮಾತ್ರ ವಿರುದ್ಧ.

ನೀರು ತುಂಬಿದ ಜೇಡಿಯಲ್ಲಿ ಘರ್ಷಣೆ ಏಕೆ ಕೈಕೊಡುತ್ತದೆ? ಮಣ್ಣಿನ ಮೇಲೆ ಬಿದ್ದ ಭಾರವನ್ನು ಮಣ್ಣಿನ ಕಣಗಳೂ ಅವುಗಳ ನಡುವಿನ ನೀರೂ ಹಂಚಿಕೊಳ್ಳುತ್ತವೆ ಎಂದು 1920ರ ದಶಕದಲ್ಲಿ ಕಾರ್ಲ್ ಟರ್ಜಾಗಿ ತೋರಿಸಿಕೊಟ್ಟ. ಘರ್ಷಣೆ ಹುಟ್ಟುವುದು ಕಣಗಳು ಹೊತ್ತ ಪಾಲಿನಿಂದ ಮಾತ್ರ. ನೀರು ಹೊತ್ತದ್ದರಿಂದ ಅಲ್ಲ. ಸಮಯ ಕೊಟ್ಟರೆ ನೀರು ಹಿಂಡಿಹೋಗಿ ಭಾರ ನಿಧಾನವಾಗಿ ಕಣಗಳಿಗೆ ವರ್ಗವಾಗುತ್ತದೆ, ಮಣ್ಣು ಗಟ್ಟಿಯಾಗುತ್ತದೆ. ಜೇಡಿಯ ರಂಧ್ರಗಳು ಅತಿಸೂಕ್ಷ್ಮವಾದ್ದರಿಂದ ಇದಕ್ಕೆ ತಿಂಗಳುಗಳೇ ಬೇಕಾಗಬಹುದು. ಗಂಟೆಗೆ 18 ಕಿ.ಮೀ. ವೇಗದಲ್ಲಿ ಹೋಗುವ ಟ್ರ್ಯಾಕ್ಟರಿನ ಚಕ್ರದ ಸ್ಪರ್ಶ 40 ಸೆಂ.ಮೀ. ಉದ್ದವಿದ್ದರೆ ಅದು ಒಂದು ಬಿಂದುವಿನ ಮೇಲೆ ನಿಲ್ಲುವುದು 0.08 ಸೆಕೆಂಡು. ಅಷ್ಟರಲ್ಲಿ ನೀರು ಎಲ್ಲಿಗೂ ಹೋಗದು. ಮೇಲಿನಿಂದ ಒತ್ತಿದ ಭಾರವೆಲ್ಲ ನೀರಿನ ಪಾಲು. ಕೆಸರು ಎಂದರೆ ಇದೇ: ಒತ್ತಿದರೂ ಗಟ್ಟಿಯಾಗಲು ಪುರುಸೊತ್ತಿಲ್ಲದ ಮಣ್ಣು.

ಇಲ್ಲಿ ಟೈರಿನ ಏಣುಗಳ ಬಗ್ಗೆ ಒಂದು ಮಾತು. ಏಣುಗಳು ಕೆಸರನ್ನು ಉಗುರಿನಂತೆ ಗೀರಿ ಹಿಡಿಯುತ್ತವೆ ಎಂದು ನಾವು ಭಾವಿಸುತ್ತೇವೆ. ನಿಜದಲ್ಲಿ ಎರಡು ಏಣುಗಳ ನಡುವೆ ಸಿಕ್ಕಿದ ಮಣ್ಣಿನ ಇಟ್ಟಿಗೆ ಕೆಳಗಿನ ಮಣ್ಣಿನಿಂದ ಬೇರ್ಪಡದಂತೆ ಎಷ್ಟು ಬಲ ತಡೆಯುತ್ತದೋ ಅಷ್ಟೇ ನಮಗೆ ದೊರೆಯುವ ಎಳೆತ. ಜಾರುವುದು ರಬ್ಬರಿನ ಮೇಲೆ ಮಣ್ಣಲ್ಲ, ಮಣ್ಣಿನ ಮೇಲೆ ಮಣ್ಣು. ಎರೆಮಣ್ಣಿನ ಜೇಡಿ ಖನಿಜಗಳು ನೀರು ಹೀರಿ ಉಬ್ಬುವಂಥವು, ಅಂಟುವಂಥವು. ಏಣುಗಳ ಸಂದು ಒಮ್ಮೆ ತುಂಬಿ ಅಲ್ಲೇ ಅಂಟಿಕೊಂಡರೆ ಚಕ್ರ ಬೋಳಾಗುತ್ತದೆ. ಟೈರು ಸುತ್ತುವಾಗ ತಾನೇ ಮಣ್ಣು ಉದುರಿಸಿಕೊಳ್ಳುವಂತೆ ಏಣುಗಳನ್ನು ದೂರದೂರ ಇಡುವುದು ಈ ಕಾರಣಕ್ಕೆ.

ಅಗಲವೋ, ಉದ್ದವೋ?

ಸರಪಳಿ ಪಟ್ಟಿಯ ಚರಿತ್ರೆಯಲ್ಲಿಯೇ ನಮ್ಮ ಪಠ್ಯದ ಉತ್ತರಕ್ಕೆ ಒಂದು ಒಳ್ಳೆಯ ಪರೀಕ್ಷೆ ನಡೆದಿದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸ್ಟಾಕ್ಟನ್ ಪಟ್ಟಣದ ಸುತ್ತ ನದಿಮುಖಜದ ಮೆತ್ತನೆಯ ಪೀಟ್ ನೆಲ. ಅಲ್ಲಿ ಹಬೆಯ ಟ್ರ್ಯಾಕ್ಟರುಗಳು ಹೂಳತೊಡಗಿದಾಗ ತಯಾರಕರು ಮಾಡಿದ್ದು ನಾವು ವಿದ್ಯಾರ್ಥಿಗಳಿಗೆ ಹೇಳಿಕೊಡುವುದನ್ನೇ: ಚಕ್ರವನ್ನು ಅಗಲಮಾಡುತ್ತ ಹೋದರು. ಬದಿಗೊಂದು, ಅದರ ಬದಿಗೆ ಮತ್ತೊಂದು ಎಂದು ಚಕ್ರಗಳನ್ನು ಸೇರಿಸಿದ ಹೋಲ್ಟ್ ಕಂಪನಿಯ ಒಂದು ಯಂತ್ರ 46 ಅಡಿ ಅಗಲಕ್ಕೆ ಬೆಳೆಯಿತು. ತಿರುಗಿಸಲು ಸಾಧ್ಯವಿಲ್ಲದ ಇಂಥ ದೈತ್ಯರನ್ನು ಕಟ್ಟಿ ಸಾಕಾದ ಬೆಂಜಮಿನ್ ಹೋಲ್ಟ್ 1904ರ ನವೆಂಬರ್ 24ರಂದು ಹಿಂದಿನ ಚಕ್ರಗಳನ್ನು ಕಿತ್ತು, ಅಲ್ಲಿ ಮರದ ಹಲಗೆಗಳ ಪಟ್ಟಿ ಜೋಡಿಸಿದ ಹಬೆಯ ಟ್ರ್ಯಾಕ್ಟರನ್ನು ಹೊಲದಲ್ಲಿ ಓಡಿಸಿ ನೋಡಿದ. 'ಕ್ಯಾಟರ್‌ಪಿಲ್ಲರ್' ಎಂಬ ಹೆಸರು ಹುಟ್ಟಿದ್ದು ಆ ಯಂತ್ರದಿಂದ. ಅವನು ವಿಸ್ತೀರ್ಣ ಹೆಚ್ಚಿಸಿದನೆಂಬುದು ಸರಿ. ಆದರೆ ಅಗಲದ ದಿಕ್ಕಿನಲ್ಲಿ ಅಲ್ಲ, ಉದ್ದದ ದಿಕ್ಕಿನಲ್ಲಿ. ಭಾಗಾಕಾರದ ದೃಷ್ಟಿಯಲ್ಲಿ ಅಗಲಕ್ಕೂ ಉದ್ದಕ್ಕೂ ವ್ಯತ್ಯಾಸವಿಲ್ಲ. ಮಣ್ಣಿನ ದೃಷ್ಟಿಯಲ್ಲಿ ಅಗಾಧ ವ್ಯತ್ಯಾಸವಿದೆ.

ಏಕೆಂದರೆ ಮಣ್ಣು ತನ್ನ ಪೂರ್ಣ ತಡೆಯನ್ನು ಪುಕ್ಕಟೆಯಾಗಿ ಕೊಡುವುದಿಲ್ಲ; ಸ್ವಲ್ಪ ಸರಿದ ಮೇಲೆಯೇ ಕೊಡುತ್ತದೆ. ಸರಿದಷ್ಟೂ ತಡೆ ಘಾತೀಯವಾಗಿ ಏರಿ ಪೂರ್ಣಮಟ್ಟವನ್ನು ಸಮೀಪಿಸುತ್ತದೆ ಎಂಬ ಸೂತ್ರವನ್ನು ಜಾನೋಸಿ ಮತ್ತು ಹನಮೊಟೊ 1961ರಲ್ಲಿ ಕೊಟ್ಟರು. ಈಗ ಲೆಕ್ಕ ಮಾಡಿ. ಈ ಏರಿಕೆಯನ್ನು ಅಳೆಯುವ ವಿಶಿಷ್ಟ ದೂರ 2.5 ಸೆಂ.ಮೀ. ಎಂದಿಟ್ಟುಕೊಳ್ಳೋಣ. 3 ಮೀ. ಉದ್ದದ ಪಟ್ಟಿ 5 ಪ್ರತಿಶತ ಜಾರಿಕೆಯಲ್ಲಿ ಚಲಿಸಿದರೆ ಅದರ ಹಿಂದಿನ ತುದಿಯ ಮಣ್ಣು 15 ಸೆಂ.ಮೀ. ಸರಿದಿರುತ್ತದೆ. ಇಡೀ ಪಟ್ಟಿಯ ಸರಾಸರಿ ತೆಗೆದರೆ ಮಣ್ಣಿನ ಸಾಮರ್ಥ್ಯದ ಸುಮಾರು 83 ಪ್ರತಿಶತ ನಮ್ಮ ಕೈಗೆ ಬಂದಿದೆ. 40 ಸೆಂ.ಮೀ. ಸ್ಪರ್ಶವಿರುವ ಚಕ್ರ ಅದೇ 5 ಪ್ರತಿಶತ ಜಾರಿಕೆಯಲ್ಲಿ 31 ಪ್ರತಿಶತವನ್ನಷ್ಟೇ ಪಡೆಯುತ್ತದೆ. ಪಟ್ಟಿಯನ್ನು ಸರಿಗಟ್ಟಬೇಕಾದರೆ ಅದು 37 ಪ್ರತಿಶತಕ್ಕಿಂತ ಹೆಚ್ಚು ಜಾರಬೇಕು. ಹಾಗೆ ಜಾರುವ ಚಕ್ರ ಸುಮ್ಮನೆ ಜಾರುವುದಿಲ್ಲ. ತನ್ನ ಕೆಳಗಿನ ಮಣ್ಣನ್ನು ಬಾಚಿ ಹಿಂದೆಸೆಯುತ್ತ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ. ಹೂತ ವಾಹನದ ಚಾಲಕ ಆಕ್ಸಿಲರೇಟರನ್ನು ಒತ್ತಿದಂತೆಲ್ಲ ಆಗುವುದು ಇದು. ಪಟ್ಟಿಯ ಬಹು ದೊಡ್ಡ ಗುಣ ಅದು ಭಾರವನ್ನು ಹರಡುತ್ತದೆ ಎಂಬುದಕ್ಕಿಂತಲೂ ಕಡಿಮೆ ಜಾರಿ ಹೆಚ್ಚು ಎಳೆಯುತ್ತದೆ ಎಂಬುದು ಎಂದು ನನ್ನ ಅಭಿಪ್ರಾಯ. ಪಠ್ಯಗಳಲ್ಲಿ ಇದರ ಸುಳಿವೇ ಇಲ್ಲ.

ಚಕ್ರಕ್ಕೂ ಇಂಥದೇ ಒಂದು ಗುಟ್ಟು ಇದೆ. ಪೋಲೆಂಡಿನಲ್ಲಿ ಹುಟ್ಟಿ, ಮೊದಲು ಕೆನಡಾ, ಅನಂತರ ಅಮೆರಿಕದಲ್ಲಿ ಕೆಲಸ ಮಾಡಿದ ಎಂ. ಜಿ. ಬೆಕರ್ ಈ ಶಾಸ್ತ್ರಕ್ಕೆ ಅಡಿಪಾಯ ಹಾಕಿದವರಲ್ಲಿ ಮುಖ್ಯ. 1956ರಲ್ಲಿ ಅವನ ಮೊದಲ ದೊಡ್ಡ ಗ್ರಂಥ ಬಂತು. 1971ರಲ್ಲಿ ಅಪೊಲೊ 15ರ ಜೊತೆ ಚಂದ್ರನ ಮೇಲೆ ಓಡಿದ ತಂತಿಜಾಲದ ಚಕ್ರಗಳ ವಾಹನದ ವಿನ್ಯಾಸದಲ್ಲೂ ಅವನ ಪಾತ್ರವಿದೆ. ಮಣ್ಣಿನ ಮೇಲೆ ಲೋಹದ ಫಲಕವನ್ನು ಒತ್ತಿ, ಒತ್ತಡಕ್ಕೂ ಹೂಳುವ ಆಳಕ್ಕೂ ಇರುವ ಸಂಬಂಧವನ್ನು ಅಳೆದು, ಅದರಿಂದ ಚಕ್ರದ ತಡೆಯನ್ನು ಲೆಕ್ಕ ಹಾಕುವುದು ಅವನ ವಿಧಾನ. ಒತ್ತಡವು ಆಳಕ್ಕೆ ನೇರ ಅನುಪಾತದಲ್ಲಿರುವ ಮಣ್ಣಿನಲ್ಲಿ ಗಟ್ಟಿ ಚಕ್ರದ ಅಗಲವನ್ನು ಇಮ್ಮಡಿ ಮಾಡಿದರೆ ಉರುಳುವ ತಡೆ ಸುಮಾರು 21 ಪ್ರತಿಶತ ಇಳಿಯುತ್ತದೆ. ಅಗಲವನ್ನು ಹಾಗೇ ಬಿಟ್ಟು ವ್ಯಾಸವನ್ನು ಇಮ್ಮಡಿ ಮಾಡಿದರೆ ಇಳಿಕೆ 37 ಪ್ರತಿಶತ! ಕಿರಿದಾದ ಪಟ್ಟಿ ಹೊಡೆದ, ಎದೆಯೆತ್ತರದ ಗಾಲಿಗಳ ಹಳೆಯ ಎತ್ತಿನ ಗಾಡಿಯನ್ನು ನೆನಪಿಸಿಕೊಳ್ಳಿ. ಅದನ್ನು ಮಾಡಿದ ಬಡಗಿಗೆ ಈ ಸೂತ್ರ ಗೊತ್ತಿರಲಿಲ್ಲ; ಆದರೆ ಎತ್ತಿನ ಹೆಗಲು ಅವನಿಗೆ ಪಾಠ ಹೇಳಿತ್ತು.

ಬೆಕರನ ವಿಧಾನವನ್ನೂ ಕಣ್ಣುಮುಚ್ಚಿ ಒಪ್ಪಬೇಕಾಗಿಲ್ಲ. ಚಿಕ್ಕ ಚಕ್ರಗಳಿಗೆ, ಆಳವಾಗಿ ಹೂತ ಸ್ಥಿತಿಗೆ ಅದು ಸರಿಹೊಂದದು. ಚಕ್ರದ ಕೆಳಗಿನ ಒತ್ತಡ ತೀರಾ ತಳದ ಬಿಂದುವಿನಲ್ಲಿ ಗರಿಷ್ಠ ಎಂಬ ಅದರ ಗ್ರಹಿಕೆಯನ್ನು 1967ರಲ್ಲಿ ವಾಂಗ್ ಮತ್ತು ರೀಸ್ ಪ್ರಶ್ನಿಸಿದರು. ಗರಿಷ್ಠ ಒತ್ತಡ ತಳಕ್ಕಿಂತ ಮುಂದೆ ಇರುತ್ತದೆ, ಜಾರಿಕೆಯೊಂದಿಗೆ ಅದರ ಸ್ಥಾನವೂ ಬದಲಾಗುತ್ತದೆ. ಆದರೆ ಒಂದು ವಿಷಯದಲ್ಲಿ ಬೆಕರ್ ನಮ್ಮ ಪಠ್ಯಪುಸ್ತಕಗಳಿಗಿಂತ ಎಷ್ಟೋ ಮುಂದೆ: ಮಣ್ಣಿನ ಗುಣಾಂಕಗಳನ್ನು ಹಾಕದೆ ಅವನ ಸಮೀಕರಣದಿಂದ ಉತ್ತರವೇ ಹೊರಡುವುದಿಲ್ಲ.

ಸರಾಸರಿ ಎಂಬ ಮಾಯೆ

ಇನ್ನು ಭಾಗಲಬ್ಧದ ಒಳಗೇ ಇರುವ ದೋಷಕ್ಕೆ ಬರೋಣ. 500 ಕಿಲೊನ್ಯೂಟನ್, ಅಂದರೆ ಸುಮಾರು 51 ಟನ್ ಭಾರದ ಒಂದು ಟ್ಯಾಂಕನ್ನು ಊಹಿಸಿಕೊಳ್ಳಿ. ಪಟ್ಟಿಯ ಅಗಲ 60 ಸೆಂ.ಮೀ., ನೆಲಕ್ಕೆ ತಾಗುವ ಉದ್ದ 4.5 ಮೀ., ಎರಡು ಪಟ್ಟಿಗಳು. ಭಾಗಿಸಿದರೆ 93 ಕಿಲೊಪ್ಯಾಸ್ಕಲ್. ಕಾರಿನ ಟೈರಿನ ಗಾಳಿಯ ಒತ್ತಡವೇ 200 ಕಿಲೊಪ್ಯಾಸ್ಕಲ್ ಇರುವಾಗ ಇದು ಬಹಳ ಮೆತ್ತಗೆ ಕಾಣುತ್ತದೆ, ರಸಪ್ರಶ್ನೆಯವರಿಗೆ ಪ್ರಿಯವಾದ ಹೋಲಿಕೆ ಸಿದ್ಧವಾಗುತ್ತದೆ. ಆದರೆ ಪಟ್ಟಿಯೆಂಬುದು ಬಿಗಿಯಾದ ಹಲಗೆಯಲ್ಲ, ಸರಪಳಿ. ಅದನ್ನು ನೆಲಕ್ಕೆ ಒತ್ತುವುದು ಒಳಗಿನ ಉರುಳುಚಕ್ರಗಳು. ಚಕ್ರದ ನೇರ ಕೆಳಗೆ ಒತ್ತಡದ ಶಿಖರ. ಎರಡು ಚಕ್ರಗಳ ನಡುವೆ ಕಣಿವೆ. ಬ್ರಿಟನ್ನಿನ ಡಿ. ರೋಲೆಂಡ್ 1972ರಲ್ಲಿ ಈ ಶಿಖರಗಳ ಸರಾಸರಿಯನ್ನು ಅಂದಾಜಿಸುವ ಸೂತ್ರವೊಂದನ್ನು ಮುಂದಿಟ್ಟ. ಉರುಳುಚಕ್ರಗಳ ಸಂಖ್ಯೆ, ವ್ಯಾಸ, ಪಟ್ಟಿಯ ಕೊಂಡಿಯ ಉದ್ದ ಇವೆಲ್ಲ ಅದರಲ್ಲಿ ಬರುತ್ತವೆ. ನಮ್ಮ ಊಹೆಯ ಟ್ಯಾಂಕಿಗೆ ಒಂದು ಬದಿಗೆ 65 ಸೆಂ.ಮೀ. ವ್ಯಾಸದ 6 ಚಕ್ರ, 15 ಸೆಂ.ಮೀ. ಉದ್ದದ ಕೊಂಡಿ ಎಂದಿಟ್ಟುಕೊಂಡು ಹಾಕಿ ನೋಡಿದರೆ ಸಿಗುವುದು ಸುಮಾರು 280 ಕಿಲೊಪ್ಯಾಸ್ಕಲ್. ಮೂರು ಪಟ್ಟು! ಹೂಳಿಸುವುದು ಈ ಶಿಖರಗಳೇ ಹೊರತು ನಡುವಿನ ಕಣಿವೆಗಳಲ್ಲ. ಸರಾಸರಿ ಮೂರಡಿ ಆಳದ ಹೊಳೆಯಲ್ಲಿ ಆರಡಿ ಮನುಷ್ಯ ಮುಳುಗಬಹುದು ಎಂಬ ಮಾತು ಸಂಖ್ಯಾಶಾಸ್ತ್ರದ ತರಗತಿಗೆ ಮಾತ್ರ ಸೇರಿದ್ದಲ್ಲ.

ಎರಡನೆಯ ಮಹಾಯುದ್ಧದ ಜರ್ಮನ್ ಟೈಗರ್ ಟ್ಯಾಂಕಿನ ವಿನ್ಯಾಸಕಾರರು ಇದನ್ನು ಅರಿತಿದ್ದರು. 57 ಟನ್ ಯಂತ್ರಕ್ಕೆ ಒಂದು ಬದಿಗೆ 8 ಅಚ್ಚುಗಳು, ಒಂದರೊಳಗೊಂದು ಹೆಣೆದಂತೆ ಕೂರಿಸಿದ ದೊಡ್ಡ ಚಕ್ರಗಳು, 72.5 ಸೆಂ.ಮೀ. ಅಗಲದ ಪಟ್ಟಿ. ಶಿಖರಗಳನ್ನು ತಗ್ಗಿಸುವ ದೃಷ್ಟಿಯಿಂದ ಸೊಗಸಾದ ಏರ್ಪಾಡು. ಆದರೆ ರಷ್ಯದ ರಣಭೂಮಿಯಲ್ಲಿ ಹೆಣೆದ ಚಕ್ರಗಳ ಸಂದುಗಳಲ್ಲಿ ಕೆಸರು ತುಂಬಿಕೊಂಡಿತು. ರಾತ್ರಿಯ ಚಳಿಗೆ ಅದು ಹೆಪ್ಪುಗಟ್ಟಿ ಬೆಳಿಗ್ಗೆ ಚಕ್ರಗಳೇ ತಿರುಗದಾದವು. ಒಳಸಾಲಿನ ಒಂದು ಚಕ್ರ ಕೆಟ್ಟರೆ ಅದನ್ನು ತೆಗೆಯಲು ಹೊರಗಿನ ಹಲವನ್ನು ಬಿಚ್ಚಬೇಕು. ಯಾವ ಸೂತ್ರದಲ್ಲೂ ಈ ತೊಂದರೆಗೆ ಒಂದು ಪದವಿಲ್ಲ. ರೋಲೆಂಡನ ಸಂಖ್ಯೆಯೂ ಹಳೆಯದಕ್ಕಿಂತ ಉತ್ತಮ, ಆದರೆ ಅದೂ ಯಂತ್ರದ ಬಗ್ಗೆ ಹೇಳುತ್ತದೆಯೇ ಹೊರತು ನೆಲದ ಬಗ್ಗೆ ಅಲ್ಲ.

ಎರಡನ್ನೂ ಜೋಡಿಸುವ ಒಂದು ಸರಳ ದಾರಿಯನ್ನು ಅಮೆರಿಕದ ಸೇನೆಯವರು ವಿಕ್ಸ್‌ಬರ್ಗಿನ ಪ್ರಯೋಗಾಲಯದಲ್ಲಿ ಬೆಳೆಸಿದರು. ಸರಳಿನ ತುದಿಗೆ 30 ಡಿಗ್ರಿ ಕೋನದ ಶಂಕು. ತಳದ ವಿಸ್ತೀರ್ಣ ಸುಮಾರು 3.2 ಚ.ಸೆಂ.ಮೀ. ಅದನ್ನು ಕೈಯಿಂದ ಮಣ್ಣಿಗೆ ಒತ್ತಿ, ಎಷ್ಟು ಬಲ ಬೇಕಾಯಿತೆಂದು ಓದಿಕೊಳ್ಳುವುದು. ಪ್ರತಿ ವಾಹನಕ್ಕೂ, ಅದು ದಾಟಿಹೋಗಲು ಬೇಕಾದ ಕನಿಷ್ಠ ಶಂಕು ಸೂಚ್ಯಂಕವನ್ನು ನಿಗದಿ ಮಾಡುವುದು. ನನಗೆ ಇದರಲ್ಲಿ ಮೆಚ್ಚುಗೆಯಾಗುವ ಅಂಶ ಬೇರೆ. ಅವರು ಒಂದೇ ಸಲ ದಾಟಲು ಒಂದು ಸಂಖ್ಯೆಯನ್ನು, ಅದೇ ಜಾಡಿನಲ್ಲಿ 50 ಸಲ ದಾಟಲು ಇನ್ನೊಂದು ಸಂಖ್ಯೆಯನ್ನು ಇಟ್ಟುಕೊಂಡರು. ಜೇಡಿಯನ್ನು ನಾದಿದರೆ ಅದರ ಶಕ್ತಿ ಕುಗ್ಗುತ್ತದೆ. ಎಷ್ಟು ಕುಗ್ಗುತ್ತದೆಂದು ಅಳೆಯಲೂ ಒಂದು ಪರೀಕ್ಷೆ ಇಟ್ಟರು. ಮೊದಲ ಲಾರಿ ಹೋದ ದಾರಿಯಲ್ಲಿ ಹತ್ತನೆಯದು ಹೂಳುವುದನ್ನು ನಮ್ಮೂರ ಮಣ್ಣುರಸ್ತೆಗಳಲ್ಲಿ ಮಳೆಗಾಲವಿಡೀ ನೋಡುತ್ತೇವೆ. ಭಾರ ಭಾಗಿಸು ವಿಸ್ತೀರ್ಣದ ಪ್ರಕಾರ ಹತ್ತೂ ಲಾರಿಗಳು ಒಂದೇ.

ಗದ್ದೆಯ ಪಾಠ

ಈಗ ನಮ್ಮ ಗದ್ದೆಗೆ ಇಳಿಯೋಣ. ನಾಟಿಗೆ ಮೊದಲು ಕೆಸರು ಹೊಡೆಯುವ ಟ್ರ್ಯಾಕ್ಟರಿಗೆ ಕಬ್ಬಿಣದ ಪಂಜರದ ಚಕ್ರ ಹಾಕುತ್ತಾರೆ. ನಾಟಿ ಯಂತ್ರದ ಚಕ್ರವನ್ನು ನೋಡಿದ್ದೀರಾ? ಎತ್ತರ, ಆದರೆ ತೀರಾ ಕಿರಿದು. ಪಠ್ಯದ ಪ್ರಕಾರ ಇದು ಮೊದಲ ಹೆಜ್ಜೆಗೇ ಹೂತುಹೋಗಬೇಕು. ಹೂತೂ ಹೋಗುತ್ತದೆ, ಆದರೆ ಒಂದು ಗೇಣಿನಷ್ಟೇ ಆಳಕ್ಕೆ. ವರ್ಷಾನುವರ್ಷ ಎತ್ತಿನ ಗೊರಸು, ನೇಗಿಲು, ಚಕ್ರಗಳ ತುಳಿತದಿಂದ ಕೆಸರಿನ ಕೆಳಗೆ ಒಂದು ಗಟ್ಟಿಪದರ ಕಟ್ಟಿಕೊಂಡಿರುತ್ತದೆ. ಅಲ್ಲಿ ಬುದ್ಧಿವಂತಿಕೆಯೆಂದರೆ ಮೇಲಿನ ಗಂಜಿಯ ಮೇಲೆ ತೇಲುವುದಲ್ಲ. ಅದನ್ನು ಚಾಕುವಿನಂತೆ ಸೀಳಿ ಆ ಪದರವನ್ನು ಮುಟ್ಟುವುದು. ಅಗಲವಾದ ಚಕ್ರ ಹಾಕಿದರೆ ಅಷ್ಟೂ ಕೆಸರನ್ನು ಮುಂದೆ ತಳ್ಳುತ್ತ ಸಾಗಬೇಕು, ಅಕ್ಕಪಕ್ಕದ ಸಸಿಗಳನ್ನೂ ಹಾಳುಮಾಡಬೇಕು. ವಿಸ್ತೀರ್ಣ ಕಡಿಮೆ ಇದ್ದುದರಿಂದಲೇ ಪಾರಾಗುವ ಈ ಯಂತ್ರ ಯಾವ ಪ್ರಶ್ನೆಪತ್ರಿಕೆಯಲ್ಲೂ ಬಂದದ್ದನ್ನು ನಾನು ಕಂಡಿಲ್ಲ. ಎತ್ತು, ಕೋಣಗಳ ಕಾಲೂ ಇಂಥದೇ: ಇಡುವಾಗ ಸೀಳುಗೊರಸು ಅಗಲವಾಗುತ್ತದೆ, ಎತ್ತುವಾಗ ಕೂಡಿಕೊಂಡು ಕೆಸರಿನ ಹೀರಿಕೆಯನ್ನು ಬಿಡಿಸುತ್ತದೆ. ಅದು ಬಿಡಿಬಿಡಿ ಗುಳಿಗಳನ್ನು ಮಾಡುತ್ತದೆ. ಚಕ್ರವೋ ಉದ್ದಕ್ಕೂ ಚರಂಡಿ ತೋಡಲು ಶಕ್ತಿ ವ್ಯಯಿಸಬೇಕು.

ಆ ಗಟ್ಟಿಪದರ ರೈತನ ಆಸ್ತಿ. ಅದು ನೀರನ್ನು ಹಿಡಿದಿಡುತ್ತದೆ, ಯಂತ್ರವನ್ನೂ ಹೊರುತ್ತದೆ. ಆದರೆ ಅದು ದಪ್ಪವಾಗುತ್ತ, ಕೆಳಗಿಳಿಯುತ್ತ ಹೋದರೆ ಭತ್ತದ ನಂತರ ಉಳಿದ ತೇವದಲ್ಲಿ ಬಿತ್ತುವ ಉದ್ದು, ಹೆಸರಿನ ಬೇರುಗಳಿಗೆ ಅದೇ ಗೋಡೆ. ಕೊಯ್ಲಿನ ಯಂತ್ರಗಳ ಪ್ರಶ್ನೆ ಬರುವುದು ಇಲ್ಲಿ. ನೆಲ ಹಸಿಯಿರುವಾಗ ಟೈರಿನ ಯಂತ್ರ ಇಳಿಯದ ಗದ್ದೆಗೆ ಜನರ ಬಾಯಲ್ಲಿ 'ಚೈನ್ ಗಾಡಿ'ಯಾದ ಪಟ್ಟಿಯ ಯಂತ್ರ ಇಳಿಯುತ್ತದೆ. ಇಳಿಯುತ್ತದೆ, ಕೊಯ್ಯುತ್ತದೆ, ಹೊರಗೆ ಬರುತ್ತದೆ. ಅದರ ಉಪಕಾರವನ್ನು ಅಲ್ಲಗಳೆಯಲಾಗದು. ಮಳೆ ಹಿಡಿದ ಕೊಯ್ಲಿನಲ್ಲಿ ಬೆಳೆ ಉಳಿಸಿದ ಯಂತ್ರವದು. ಆದರೆ 'ಪಟ್ಟಿ ಇರುವುದರಿಂದ ನೆಲಕ್ಕೆ ಏನೂ ಆಗದು' ಎಂಬ ಮಾತನ್ನು ಮಾತ್ರ ಭೌತವಿಜ್ಞಾನ ಒಪ್ಪುವುದಿಲ್ಲ.

ಕಾರಣವನ್ನು 1885ರ ಬೂಸಿನೆಸ್ಕ್ ಸಮೀಕರಣದಿಂದ ನೀವೇ ಲೆಕ್ಕ ಹಾಕಬಹುದು. 2 ಟನ್, ಅಂದರೆ ಸುಮಾರು 20 ಕಿಲೊನ್ಯೂಟನ್ ಭಾರವನ್ನು ವೃತ್ತಾಕಾರದ ಸ್ಪರ್ಶದ ಮೂಲಕ 200 ಕಿಲೊಪ್ಯಾಸ್ಕಲ್ ಒತ್ತಡದಲ್ಲಿ ನೆಲದ ಮೇಲಿಟ್ಟರೆ 10 ಸೆಂ.ಮೀ. ಆಳದಲ್ಲಿ ಒತ್ತಡ ಸುಮಾರು 177. ಅದೇ ಭಾರವನ್ನು ಇಮ್ಮಡಿ ವಿಸ್ತೀರ್ಣಕ್ಕೆ ಹರಡಿ ಮೇಲ್ಮೈ ಒತ್ತಡವನ್ನು 100ಕ್ಕೆ ಇಳಿಸಿದರೆ 10 ಸೆಂ.ಮೀ. ಆಳದಲ್ಲಿ 95. ಭೇಷ್, ಪಠ್ಯ ಗೆದ್ದಿತು. ಈಗ 50 ಸೆಂ.ಮೀ. ಆಳಕ್ಕೆ ಹೋಗಿ. ಮೊದಲ ಸ್ಥಿತಿಯಲ್ಲಿ 33, ಎರಡನೆಯದರಲ್ಲಿ 29. ವಿಸ್ತೀರ್ಣ ಇಮ್ಮಡಿಯಾದರೂ ಆಳದ ಮಣ್ಣಿಗೆ ಸಿಕ್ಕ ಬಿಡುವು ಅಷ್ಟೇ. ಇನ್ನು ಯಂತ್ರ ದೊಡ್ಡದಾಗಿ ಭಾರ 4 ಟನ್ ಆಯಿತು, ಸ್ಪರ್ಶವನ್ನೂ ಹಿಗ್ಗಿಸಿ ಮೇಲ್ಮೈ ಒತ್ತಡವನ್ನು ಅದೇ 100ರಲ್ಲಿ ಉಳಿಸಿಕೊಂಡರು ಎನ್ನಿ. ಕರಪತ್ರದ ಸಂಖ್ಯೆ ಬದಲಾಗಿಲ್ಲ. 10 ಸೆಂ.ಮೀ. ಆಳದಲ್ಲೂ ಹೆಚ್ಚು ವ್ಯತ್ಯಾಸವಿಲ್ಲ, 98. ಆದರೆ 50 ಸೆಂ.ಮೀ. ಆಳದಲ್ಲಿ ಒತ್ತಡ 29ರಿಂದ 46ಕ್ಕೆ ಏರಿದೆ. ಮೇಲ್ಮಣ್ಣು ಕೇಳುವುದು ಒತ್ತಡವನ್ನು. ಕೆಳಮಣ್ಣು ಕೇಳುವುದು ಒಟ್ಟು ಭಾರವನ್ನು. ಜರ್ಮನಿಯ ಸೋನೆ 1950ರ ದಶಕದಲ್ಲೇ ಟ್ರ್ಯಾಕ್ಟರ್ ಟೈರುಗಳ ಬಗ್ಗೆ ಇದನ್ನು ಸ್ಪಷ್ಟಪಡಿಸಿದ್ದ. ಬೂಸಿನೆಸ್ಕ್ ಲೆಕ್ಕ ಒಂದೇ ಸಮನಾದ ಸ್ಥಿತಿಸ್ಥಾಪಕ ವಸ್ತುವಿಗೆ ಅನ್ವಯಿಸುವಂಥದು, ಮಣ್ಣು ಹಾಗಿಲ್ಲ ಎಂದು ನೀವು ಆಕ್ಷೇಪಿಸಬಹುದು. ಆಕ್ಷೇಪ ಸರಿ. ಆದರೆ ಹಸಿ ಮಣ್ಣಿನಲ್ಲಿ ಒತ್ತಡ ಪಕ್ಕಕ್ಕೆ ಹರಡುವುದು ಇನ್ನೂ ಕಡಿಮೆ. ನೆಟ್ಟಗೆ ಕೆಳಕ್ಕೆ ಇಳಿಯುವ ಪ್ರವೃತ್ತಿ ಹೆಚ್ಚು. ಅಂದರೆ ನಿಜಸ್ಥಿತಿ ನಮ್ಮ ಲೆಕ್ಕಕ್ಕಿಂತ ಕೆಟ್ಟದಾಗಿರುವ ಸಂಭವವೇ ಜಾಸ್ತಿ.

ಮೇಲ್ಮಣ್ಣಿನ ಬಿಗಿತವನ್ನು ಮುಂದಿನ ಉಳುಮೆ ಬಿಡಿಸುತ್ತದೆ. ಅರ್ಧ ಮೀಟರು ಕೆಳಗಿನ ಬಿಗಿತಕ್ಕೆ ಸಾಮಾನ್ಯ ನೇಗಿಲು ಮುಟ್ಟುವುದಿಲ್ಲ. ಹಾಗಾಗಿ ಯಂತ್ರ ಕೊಳ್ಳುವ ಅಥವಾ ಬಾಡಿಗೆಗೆ ಕರೆಯುವ ರೈತ ಕೇಳಬೇಕಾದ ಮೊದಲ ಪ್ರಶ್ನೆ 'ಪಟ್ಟಿ ಎಷ್ಟು ಅಗಲ?' ಎಂಬುದಲ್ಲ, 'ಕಾಳಿನ ತೊಟ್ಟಿ ತುಂಬಿದಾಗ ಒಟ್ಟು ತೂಕ ಎಷ್ಟು?' ಎಂಬುದು. ಎರಡನೆಯದು, ಗದ್ದೆಯ ನೀರು ಬಿಟ್ಟು ಎಷ್ಟು ದಿನವಾಯಿತು ಎಂಬುದು; ಕೊಯ್ಲಿಗೆ ಮೊದಲು ನೀರು ಬಸಿಯಲು ಬಿಟ್ಟ ದಿನಗಳು ಪಟ್ಟಿಯ ಅಗಲಕ್ಕಿಂತ ಎಷ್ಟೋ ಹೆಚ್ಚು ಕೆಲಸ ಮಾಡುತ್ತವೆ. ತುಂಬಿದ ತೊಟ್ಟಿಯನ್ನು ಗದ್ದೆಯ ನಡುವೆ ಹೊತ್ತು ತಿರುಗದೆ ಬದುವಿನ ಬಳಿ ಬೇಗ ಬೇಗ ಖಾಲಿ ಮಾಡುವುದು, ಎಲ್ಲೆಂದರಲ್ಲಿ ಓಡಿಸದೆ ಒಂದೇ ಜಾಡಿನಲ್ಲಿ ಹೋಗಿ ಬರುವುದು ಖರ್ಚಿಲ್ಲದ ಉಪಾಯಗಳು. ನೆಲ ತೀರಾ ಮೆತ್ತಗಿದ್ದರೆ ಮಾತ್ರ ಒಂದೇ ಜಾಡಿನ ಉಪಾಯ ಬೇಡ. ಐವತ್ತು ಸಲದ ಸಂಖ್ಯೆಯನ್ನು ನೆನಪಿಸಿಕೊಳ್ಳಿ.

ಅಧ್ಯಾಪಕ ಮಿತ್ರರಿಗೆ ಒಂದು ಸೂಚನೆ. ಟ್ಯಾಂಕಿನ ಪ್ರಶ್ನೆಯನ್ನು ಕೈಬಿಡಬೇಕಾಗಿಲ್ಲ, ಅದರ ಜೊತೆ ನಾಟಿ ಯಂತ್ರದ ಕಿರಿದಾದ ಚಕ್ರದ ಪ್ರಶ್ನೆಯನ್ನೂ ಇಡಿ. ಒಂದೇ ಸೂತ್ರ ಎರಡಕ್ಕೂ ಉತ್ತರ ಕೊಡಲಾರದೆಂದು ಮಕ್ಕಳು ಕಂಡಾಗ ತರಗತಿಯಲ್ಲಿ ನಡೆಯುವ ಚರ್ಚೆಗೆ ಎರಡು ಅಂಕಕ್ಕಿಂತ ಹೆಚ್ಚು ಬೆಲೆಯಿದೆ. ಪ್ರಯೋಗಕ್ಕೂ ಹೆಚ್ಚು ಸಾಮಗ್ರಿ ಬೇಡ. ಒಂದು ಮೀಟರು ಉದ್ದದ ಕಬ್ಬಿಣದ ಸರಳು, ತುದಿಯನ್ನು ಶಂಕುವಿನಂತೆ ತಿಕ್ಕಿದ್ದು. ಮೈಮೇಲೆ 5 ಸೆಂ.ಮೀ.ಗೊಂದು ಗೀಟು. ಮೇಲ್ತುದಿಗೆ ಹಲಗೆ ಬಿಗಿದು ಅದರ ಮೇಲೊಂದು ಸ್ನಾನಗೃಹದ ತೂಕದ ಯಂತ್ರ. ಕೊಯ್ಲಿನ ಯಂತ್ರ ಬಂದುಹೋದ ಮರುದಿನ ಅದರ ಜಾಡಿನೊಳಗೆ ಹತ್ತು ಕಡೆ, ಜಾಡಿನಿಂದ ಎರಡು ಮೀಟರು ಆಚೆ ಹತ್ತು ಕಡೆ ಸರಳನ್ನು ನಿಧಾನವಾಗಿ ಒತ್ತಿ, ಪ್ರತಿ ಗೀಟಿಗೂ ಬೇಕಾದ ಬಲವನ್ನು ಬರೆದುಕೊಳ್ಳಿ. ಎರಡೂ ಕಡೆ ಮಣ್ಣಿನ ತೇವ ಒಂದೇ ಇರಬೇಕು. ಜಾಡಿನಲ್ಲಿ ನೀರು ನಿಂತಿದ್ದರೆ ಅದು ಇಂಗಿ ಹೋಗುವವರೆಗೆ ಕಾಯಿರಿ. ಆಳವನ್ನು ಮಾತ್ರ ಗದ್ದೆಯ ಮೂಲ ಮಟ್ಟದಿಂದ ಅಳೆಯಿರಿ, ಜಾಡಿನ ತಳದಿಂದಲ್ಲ. ಆಮೇಲೆ ಆಳಕ್ಕೆ ಎದುರಾಗಿ ಬಲದ ಎರಡು ರೇಖೆಗಳನ್ನು ಎಳೆದು, ಅವು ಎಷ್ಟು ಆಳದಲ್ಲಿ ಕೂಡಿಕೊಳ್ಳುತ್ತವೆ ಎಂದು ನೋಡಿ.